ಅಜ್ಜನ ಜೀಪಿನ ಗೇರ್ ಬಾಕ್ಸ್ ಯಾರು ಮಾರಿದ್ದು?

ಮಳೆಗಾಲ ಬಂತೆಂದರೆ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಜೀವ ಬರುತ್ತದೆ. ತೋಟಕ್ಕೆ ಇಳಿಯುವ ಹಾಗಿಲ್ಲ, ಕರೆಂಟ್ ಇರುವುದಿಲ್ಲ, ಮೊಬೈಲಿನಲ್ಲಿ ಮಾತ್ರ ಹೇಗೋ ಚಾರ್ಜ್ ಇರುತ್ತದೆ. ಭಾನುವಾರ ಗೋಣಿಕೊಪ್ಪದ ಭಾವ ಒಂದು ವಿಡಿಯೋ ಹಾಕಿದರು. ಅಮೆರಿಕದಲ್ಲಿ ಯಾರೋ ಶೆವರ್ಲೆ ಟ್ರಕ್ಕಿನ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಇಳಿಸಿ ಮ್ಯಾನ್ಯುವಲ್ ಕೂರಿಸುತ್ತಿದ್ದಾರೆ. ಕೆಳಗೆ ಕನ್ನಡದಲ್ಲಿ ಒಂದು ಸಾಲು: "ಯಾವ ಟ್ರಕ್ ಇಂಜಿನ್‌ಗಾದರೂ ಯಾವ ಗೇರ್ ಬಾಕ್ಸಾದರೂ ಕೂರುತ್ತೆ, ಮೆಕ್ಯಾನಿಕ್‌ಗಳು ಸುಮ್ನೆ ದುಡ್ಡು ಹೊಡೀತಾರೆ."

ಭಾವ: "ನೋಡಿ, ಗೇರ್ ಬಾಕ್ಸಿಲ್ಲದೆ ಶೆಡ್ಡಿನಲ್ಲಿ ನಿಂತಿರುವ ಅಜ್ಜನ ಜೀಪ್ ಇನ್ನೂ ಎಬ್ಬಿಸಬಹುದು. ನಾನು ಮೊದಲೇ ಹೇಳಿದ್ದೆ."

ದೊಡ್ಡಪ್ಪ: "ಒಳ್ಳೆಯ ಮಾಹಿತಿ. ಎಲ್ಲರೂ ನೋಡಿ." (ವಿಡಿಯೋ ಇಪ್ಪತ್ತು ನಿಮಿಷದ್ದು. ಅವರ ಉತ್ತರ ಬಂದದ್ದು ಅರ್ಧ ನಿಮಿಷಕ್ಕೆ.)

ಮೈಸೂರಿನ ಅಕ್ಕ: "ಯಾರು ಹೇಳಿದ್ದು ಇದನ್ನ? ಯಾವ ಇಂಜಿನ್, ಯಾವ ಇಸವಿ? ಎಲ್ಲಿಂದ ಬಂತು ಈ ಫಾರ್ವರ್ಡು?"

ಅಕ್ಕ ಕೇಳುವುದೇ ಹಾಗೆ. ಕೊರೋನಾ ಕಾಲದಲ್ಲಿ ಕಷಾಯದ ಬಗ್ಗೆಯೂ ಹೀಗೇ ಕೇಳಿ ದೊಡ್ಡಮ್ಮನ ಬಾಯಿಗೆ ಬಿದ್ದವಳು. ಆದರೆ ಈ ಸಲ ಅವಳು ವಿಡಿಯೋ ಪೂರ್ತಿ ನೋಡಿದ್ದಳು. ಗುಂಪಿನಲ್ಲಿ ಅವಳೊಬ್ಬಳೇ ಇರಬೇಕು.

ಅಕ್ಕ: "ವಿಡಿಯೋದಲ್ಲೇ ಹೇಳ್ತಾರಲ್ಲ, ಆ ಶೆವರ್ಲೆ 350 ಇಂಜಿನ್ನಿನ ಹಿಂಭಾಗ ಎರಡು ಥರ ಇದೆ ಅಂತ. 1985ರವರೆಗಿನದಕ್ಕೆ ಕ್ರ್ಯಾಂಕಿನ (ಇಂಜಿನ್ನಿನೊಳಗೆ ತಿರುಗುವ ಮುಖ್ಯ ಶಾಫ್ಟಿನ) ಹಿಂದಿನ ಆಯಿಲ್ ಸೀಲ್ ಎರಡು ತುಂಡಿನದು, ಆಮೇಲೆ ಒಂದೇ ತುಂಡಿನದು ಬಂತು. ಅದರ ಜೊತೆ ಫ್ಲೈವೀಲ್ (ಕ್ರ್ಯಾಂಕಿನ ಹಿಂತುದಿಯ ಭಾರದ ಚಕ್ರ) ಬೋಲ್ಟ್ ಕೂರುವ ಸುತ್ತಿನ ಅಡ್ಡಳತೆ 3.58 ಇಂಚಿನಿಂದ 3 ಇಂಚಿಗೆ ಇಳಿಯಿತು. ಹಳೆಯದರ ಫ್ಲೈವೀಲ್ ಹೊಸದಕ್ಕೆ ಆಗಲ್ಲ. ಫ್ಲೈವೀಲಲ್ಲೂ 153 ಹಲ್ಲಿನದು, 168 ಹಲ್ಲಿನದು ಅಂತ ಎರಡಿದೆ, ಸ್ಟಾರ್ಟರ್ ಅದಕ್ಕೆ ತಕ್ಕ ಹಾಗೇ ಇರಬೇಕು. ಆಟೋಮ್ಯಾಟಿಕ್ ಗಾಡಿಯಲ್ಲಿ ಫ್ಲೈವೀಲೇ ಇರಲ್ಲ, ಒಂದು ತೆಳು ತಗಡಿನ ಪ್ಲೇಟ್ ಇರುತ್ತೆ. ಅದನ್ನ ತೆಗೆದು ಫ್ಲೈವೀಲ್ ಹಾಕಿ, ಗೇರ್ ಬಾಕ್ಸ್ ಶಾಫ್ಟಿನ ತುದಿ ಕೂರೋಕೆ ಕ್ರ್ಯಾಂಕಿಗೆ ಪೈಲಟ್ ಬುಷ್ ಹೊಡೀಬೇಕು. ಯಾವುದಕ್ಕೆ ಯಾವುದಾದರೂ ಕೂರುತ್ತೆ ಅಂತ ಆ ಮನುಷ್ಯ ಎಲ್ಲೂ ಹೇಳಿಲ್ಲ."

ಇಷ್ಟುದ್ದ ಬರೆದದ್ದಕ್ಕೆ ಬಂದ ಮೊದಲ ಉತ್ತರ ದೊಡ್ಡಪ್ಪನದು.

"ಮಗಳೇ, ಓದಿದವರಿಗೆ ವಿನಯ ಇರಬೇಕು. ಭಾವ ಮನೆಯ ಒಳ್ಳೆಯದಕ್ಕೇ ಹಾಕಿದ್ದು. ನಮ್ಮ ಕಾಲದಲ್ಲಿ ದೊಡ್ಡವರಿಗೆ ಹೀಗೆ ಎದುರು ಬರೆಯುತ್ತಿರಲಿಲ್ಲ."

ದೊಡ್ಡಪ್ಪನ ಕಾಲದಲ್ಲಿ ವಾಟ್ಸಾಪೇ ಇರಲಿಲ್ಲ, ಆ ಮಾತು ಬೇರೆ.

ಅಷ್ಟರಲ್ಲಿ ಮಂಗಳೂರಿನ ತಮ್ಮ ಶುರು ಮಾಡಿದ. ತುಲಾ ಸಂಕ್ರಮಣಕ್ಕೆ ಅದೇ ಜೀಪಿನಲ್ಲಿ ಭಾಗಮಂಡಲಕ್ಕೆ ಹೋಗಿದ್ದು, ಹಿಂದಿನ ಸೀಟಿನಲ್ಲಿ ಒಬ್ಬರ ಮೇಲೊಬ್ಬರು ಕೂತಿದ್ದು, ತಲಕಾವೇರಿ ಏರಿನಲ್ಲಿ ಅಜ್ಜ ಸೆಕೆಂಡ್ ಗೇರ್ ಬಿಡದೆ ಹತ್ತಿಸಿದ್ದು, ಚಿಕ್ಕಮ್ಮ ದಾರಿಯುದ್ದಕ್ಕೂ ವಾಂತಿ ಮಾಡಿದ್ದು. ಚಿಕ್ಕಮ್ಮ "ನಾನಲ್ಲ, ಅದು ನಿಮ್ಮಮ್ಮ" ಎಂದರು. ಹತ್ತು ನಿಮಿಷ ಇದೇ ಆಯಿತು.

ಅಕ್ಕ ಬಿಡಲಿಲ್ಲ. "ನಮ್ಮದು ಮಹೀಂದ್ರಾ ಎಂಎಂ 540, ಪ್ಯೂಜೋ ಡೀಸೆಲ್ ಇಂಜಿನ್. ಬೇರೆ ಗೇರ್ ಬಾಕ್ಸ್ ತಂದರೆ ಬೆಲ್ ಹೌಸಿಂಗಿನ (ಇಂಜಿನ್ನಿಗೂ ಬಾಕ್ಸಿಗೂ ನಡುವಿನ ಕವಚ) ಬೋಲ್ಟ್ ತೂತು ಕೂಡಿ ಬರಬೇಕು, ಕ್ಲಚ್ ಪ್ಲೇಟಿನ ಹಲ್ಲು ಶಾಫ್ಟಿನ ಹಲ್ಲಿಗೆ ಹೊಂದಬೇಕು. ಫೋರ್ ವೀಲ್ ಡ್ರೈವ್ ಬೇರೆ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಶಕ್ತಿ ಒಯ್ಯೋ ಪ್ರೊಪೆಲ್ಲರ್ ಶಾಫ್ಟ್ ಇದೆ. ಬಾಕ್ಸ್ ಉದ್ದವಾದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಬೇಕು, ಮುಂದಿನದು ಉದ್ದ ಮಾಡಬೇಕು. ಅಷ್ಟಕ್ಕೂ ಅದರದ್ದೇ ಗೇರ್ ಬಾಕ್ಸ್ ಎಲ್ಲಿ ಹೋಯ್ತು?"

ಕೊನೆಯ ಪ್ರಶ್ನೆ ಕೇಳಬಾರದಿತ್ತು.

ಭಾವ: "ಅದನ್ನು ಸಿದ್ದಾಪುರದ ಚಿಕ್ಕಪ್ಪನ ಹತ್ತಿರ ಕೇಳಿ."

ಚಿಕ್ಕಪ್ಪ: "ನಾನು ಗುಜರಿಗೆ ಹಾಕಿದ್ದು ಒಡೆದ ಹೌಸಿಂಗ್ ಮಾತ್ರ. ಪಾಲಿನ ದಿನ ನಾಲ್ಕೂ ಟಯರ್ ಬಿಚ್ಚಿಕೊಂಡು ಹೋದವರು ಯಾರು ಅಂತಲೂ ಇಲ್ಲೇ ಬರೀರಿ."

ಭಾವ: "ಟಯರಿಗೆ ಅಮ್ಮನೇ ಹೇಳಿದ್ದು."

ಚಿಕ್ಕಪ್ಪ: "ಅಮ್ಮ ಹೇಳಿದ್ದು ಎರಡು."

ದೊಡ್ಡಪ್ಪ ಶಾಂತಿ ಕಾಪಾಡಿ ಎಂದು ಕಾವೇರಮ್ಮನ ಫೋಟೋ ಹಾಕಿದರು. ಮೂರು ಜನ ಅದಕ್ಕೆ ಕೈ ಮುಗಿದರು. ಶೆವರ್ಲೆ ಅಲ್ಲಿಗೆ ಮುಗಿಯಿತು.

ನಾನು ಸುಮ್ಮನಿರಲಾರದೆ ವಿರಾಜಪೇಟೆಯಲ್ಲಿ ಹಳೇ ಜೀಪ್ ಬಿಚ್ಚುವ ಮೇಸ್ತ್ರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಇಷ್ಟೇ: ಇಂಜಿನ್ ನಂಬರ್, ಫ್ಲೈವೀಲ್ ಇದೆಯೋ ಇಲ್ಲವೋ, ಕ್ಲಚ್ ಪ್ಲೇಟಿನ ನಡುವೆ ಎಷ್ಟು ಹಲ್ಲು. ಫೋಟೋ ಕಳಿಸಿದರೆ ಅದೇ ಮಾಡೆಲಿನ ಬಾಕ್ಸ್ ಹುಡುಕುತ್ತಾರಂತೆ, ಬೇರೆಯದನ್ನು ಕೂರಿಸಲು ಹೋದರೆ ಲೇತ್ ಖರ್ಚೇ ಜಾಸ್ತಿ ಎಂದರು. ಅದನ್ನೇ ಗುಂಪಿಗೆ ಹಾಕಿ, ಶೆಡ್ಡಿಗೆ ಯಾರಾದರೂ ಹೋಗಿ ಫೋಟೋ ತೆಗೆಯಿರಿ ಎಂದೆ.

ಚಿಕ್ಕಪ್ಪ: "ಹೋಗಬಹುದು. ಬೀಗದ ಕೈ ಭಾವನ ಹತ್ತಿರ ಇದೆ."

ಭಾವ: "ನನ್ನ ಹತ್ತಿರ ಇರುವುದು ಹಳೇ ಬೀಗದ್ದು. ಬೀಗ ಬದಲಾಯಿಸಿದ್ದು ಯಾರು ಅಂತ ಮೊದಲು ಹೇಳಲಿ."