‘ಸುಟ್ಟಿದೆ’ ಎಂದು ಬರೆಯಬಹುದೇ? ನಾಳೆಯೊಳಗೆ ಪದ ಬೇಕು

ಪ್ರಶ್ನೆ (ಹಾಸನದಿಂದ):

ಮಾನ್ಯರೇ, ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ತಪಾಸಣೆ ಚೀಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಭಾಗ) ಹೋದ ಯಂತ್ರ ಬಂದಾಗ, ಅದರೊಂದಿಗೆ ಇನ್ನೇನು ಹೋಗಿದೆ ಎಂದು ತಿಳಿಯಲು, ಚೆನ್ನಾಗಿರುವ ಬೇರೊಂದು ಎಸ್‌ಎಂಪಿಎಸ್‌ಗೆ ಭಾಗಗಳನ್ನು ಒಂದೊಂದಾಗಿ ಜೋಡಿಸಿ ನೋಡುತ್ತೇವೆ. ಮೊದಲು ಮದರ್‌ಬೋರ್ಡ್, ಪ್ರೊಸೆಸರ್ ಮತ್ತು ಒಂದೇ ಒಂದು ರ‍್ಯಾಮ್. ಅಷ್ಟು ಆನ್ ಆದರೆ ಗ್ರಾಫಿಕ್ಸ್ ಕಾರ್ಡ್, ಕೊನೆಗೆ ಹಾರ್ಡ್ ಡಿಸ್ಕ್. ಆನ್ ಆಗದ ಭಾಗದ ಮುಂದೆ ಇದುವರೆಗೆ ‘ಸುಟ್ಟಿದೆ’ ಎಂದು ಬರೆಯುತ್ತಿದ್ದೆ. ಕಳೆದ ವಾರ ಸಕಲೇಶಪುರದ ಕಡೆಯ ತೋಟದವರೊಬ್ಬರು ಆ ಚೀಟಿ ಓದಿ, ಮದರ್‌ಬೋರ್ಡನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಎರಡೂ ಕಡೆ ತಿರುಗಿಸಿ, ಮೂಸಿ ನೋಡಿ, ‘ಎಲ್ಲಿ ಸುಟ್ಟಿದೆ, ತೋರಿಸಿ’ ಎಂದರು. ತೋರಿಸಲು ಒಂದು ಕಪ್ಪು ಚುಕ್ಕೆಯೂ ಅದರಲ್ಲಿರಲಿಲ್ಲ. ಬೋರ್ಡು ನಿಜವಾಗಿಯೂ ಹೋಗಿತ್ತು, ಆದರೆ ನನ್ನ ಪದ ಸುಳ್ಳಾಗಿತ್ತು. ಸುಟ್ಟ ಗುರುತಿಲ್ಲದೆ ನಿಂತುಹೋದ ಭಾಗಕ್ಕೆ ಏನೆನ್ನಬೇಕು? ಈಗ ನಡೆಯುತ್ತಿದ್ದರೂ ಪೂರ್ತಿ ನಂಬಲಾಗದ ಭಾಗಕ್ಕೆ ಏನೆನ್ನಬೇಕು?

ಉತ್ತರ (ಚಿಕ್ಕಮಗಳೂರಿನಿಂದ):

ಮೊದಲು ‘ತಪಾಸಣೆ’ಯನ್ನು ತೆಗೆದುಹಾಕಿ, ಅದು ಮರಾಠಿಯಿಂದ ಬಂದದ್ದು. ‘ಒರೆಗೆ ಹಚ್ಚು’ ಎಂಬ ಮಾತು ನಮ್ಮಲ್ಲಿರುವಾಗ ‘ಒರೆಚೀಟಿ’ ಎಂದರೆ ಸಾಕು. ಪತ್ರಿಕೆಗಳಲ್ಲಿ ನೋಡಿ ‘ಜಖಂ’ ಎಂದು ಬರೆಯಬೇಡಿ. ಪಾರಸಿಯಲ್ಲಿ ಅದರ ಅರ್ಥ ಗಾಯ, ನಿಮ್ಮ ಬೋರ್ಡಿಗೆ ಗಾಯವಾಗಿಲ್ಲ. ನಿಮಗೆ ಬೇಕಾದದ್ದು ‘ಕೆಡು’. ಹಾಲು ಕೆಡುತ್ತದೆ, ಗಡಿಯಾರ ಕೆಡುತ್ತದೆ ಎಂಬಷ್ಟಕ್ಕೇ ಈ ಧಾತುವನ್ನು ನಾವಿಂದು ನಿಲ್ಲಿಸಿದ್ದೇವೆ, ಆದರೆ ದೀಪ ಆರುವುದಕ್ಕೂ ‘ಕೆಡು’, ಆರಿಸುವುದಕ್ಕೂ ‘ಕೆಡಿಸು’ ಎನ್ನುವ ಹಳೆಯ ಬಳಕೆಯಿದೆ. ಬತ್ತಿ, ಎಣ್ಣೆ, ಹಣತೆ ಎಲ್ಲವೂ ಇದ್ದ ಹಾಗೆಯೇ ಇದ್ದು ಬೆಳಕು ಮಾತ್ರ ಹೋಗುವ ಆ ಸ್ಥಿತಿಯೇ ನಿಮ್ಮ ಮದರ್‌ಬೋರ್ಡಿನ ಸ್ಥಿತಿ. ‘ಕೆಟ್ಟಿದೆ’ ಎಂದು ಬರೆಯಿರಿ. ಎಸ್‌ಎಂಪಿಎಸ್‌ಗೂ ಕನ್ನಡ ಪದ ಬೇಕೆಂದು ನೀವು ಕೇಳದಿರುವುದು ನನಗೆ ನೋವು ತಂದಿದೆ.

ಇನ್ನೊಂದು ಉತ್ತರ (ಹಾಸನದಿಂದ):

‘ಒರೆಚೀಟಿ’ ಸಲ್ಲದು. ಒರೆಗಲ್ಲು ಚಿನ್ನದ ಗುಣವನ್ನು ತಿಳಿಸುತ್ತದೆ, ಹಾನಿಯನ್ನು ಹುಡುಕುವುದಿಲ್ಲ. ‘ತಪಾಸಣೆ’ ಬಸ್ಸಿನಿಂದ ಆಸ್ಪತ್ರೆಯವರೆಗೆ ಎಲ್ಲರಿಗೂ ತಿಳಿದ ಪದವಾಗಿರುವುದರಿಂದ ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಪ್ರಶ್ನೆ ಕೇಳಿದವರು:

‘ಕೆಟ್ಟಿದೆ’ ಎಂಬುದನ್ನು ಸಂತೋಷದಿಂದ ಒಪ್ಪಿದ್ದೇನೆ. ದೀಪದ ಹೋಲಿಕೆಯನ್ನು ಆ ತೋಟದವರಿಗೂ ಹೇಳುತ್ತೇನೆ. ಕೆಪಾಸಿಟರ್ ಉಬ್ಬಿದ್ದರೆ ಅಥವಾ ಕಪ್ಪಾಗಿದ್ದರೆ ಮಾತ್ರ, ಕಣ್ಣಿಗೆ ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ‘ತಪಾಸಣೆ’ ಉಳಿಯುತ್ತದೆ, ಏಕೆಂದರೆ ಚೀಟಿ ಓದುವವರು ಪದದ ಊರನ್ನು ಕೇಳುವುದಿಲ್ಲ, ತಮ್ಮ ಯಂತ್ರದ ಸ್ಥಿತಿಯನ್ನು ಕೇಳುತ್ತಾರೆ. ಎಸ್‌ಎಂಪಿಎಸ್ ಎಂಬುದು ಇಲ್ಲಿ ಗಿರಾಕಿಗಳ ಬಾಯಲ್ಲೇ ಇರುವ ಪದ. ಅದನ್ನು ಬದಲಿಸಿದರೆ ಅವರಿಗೆ ನಾನೇ ಅರ್ಥ ಹೇಳಬೇಕಾಗುತ್ತದೆ.

ಎರಡನೆಯ ಪ್ರಶ್ನೆಗೆ ಇಬ್ಬರೂ ಉತ್ತರಿಸಲಿಲ್ಲ. ನನಗೆ ಅದೇ ಮುಖ್ಯವಾಗಿತ್ತು. 12 ವೋಲ್ಟಿನ ತಂತಿಯಲ್ಲಿ 11.4ರಿಂದ 12.6ರವರೆಗೆ ಇರಬೇಕು. ಎಸ್‌ಎಂಪಿಎಸ್ ಕೆಡುವ ಗಳಿಗೆಯಲ್ಲಿ ಅದನ್ನು ಮೀರಿ ಎಷ್ಟು ಬಂತೆಂದು ಆಮೇಲೆ ಅಳೆಯಲು ಬರುವುದಿಲ್ಲ. ಆ ಪೆಟ್ಟು ತಿಂದ ಹಾರ್ಡ್ ಡಿಸ್ಕ್ ಇಂದು ನಡೆದು, ಮುಂದಿನ ತಿಂಗಳು ನಿಲ್ಲಬಹುದು. ಅಂಥದ್ದರ ಮುಂದೆ ‘ಸರಿಯಿದೆ’ ಎಂದು ಬರೆದರೆ ಅದು ನನ್ನ ಕೈಯಲ್ಲಿಲ್ಲದ ಭರವಸೆಯಾಗುತ್ತದೆ. ಆದ್ದರಿಂದ ಚೀಟಿಯಲ್ಲಿ ‘ಕೆಟ್ಟಿದೆ’, ‘ಇನ್ನೂ ನೋಡಿಲ್ಲ’, ‘ಈ ದಿನ ನಡೆಯುತ್ತಿದೆ’ ಎಂಬ ಮೂರು ಕಾಲಂಗಳನ್ನು ಮಾಡಿ, ಮೂರನೆಯದರ ಪಕ್ಕದಲ್ಲಿ ತಾರೀಖಿಗೆ ಜಾಗ ಬಿಟ್ಟು, ಹಾರ್ಡ್ ಡಿಸ್ಕಿನ ಸಾಲಿನಲ್ಲಿ ‘ಇಂದೇ ನಕಲು ಮಾಡಿಟ್ಟುಕೊಳ್ಳಿ’ ಎಂದು ಸೇರಿಸಿ ಪ್ರೆಸ್ಸಿಗೆ ಕಳುಹಿಸಿದ್ದೇನೆ.