ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ನುಂಗಿದರೆ ಹೃದಯಕ್ಕೆ ಒಳ್ಳೇದಾ?

ಪ್ರಶ್ನೆ: ನಮಸ್ಕಾರ ಮೇಡಂ. ವಯಸ್ಸು 52. ಕೊಲೆಸ್ಟ್ರಾಲ್ ಜಾಸ್ತಿ ಇದೆ ಅಂತ ಡಾಕ್ಟ್ರು ಅಟೋರ್ವಾಸ್ಟಾಟಿನ್ ಕೊಟ್ಟಿದ್ದಾರೆ. ಹಣ್ಣು-ತರಕಾರಿಯ ಸಾರ ತೆಗೆದು ಮಾಡಿದ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ತಗೊಂಡ್ರೆ ರಕ್ತನಾಳ ಕ್ಲೀನ್ ಆಗುತ್ತೆ, ಮಾತ್ರೆ ಬೇಕಾಗಲ್ಲ ಅಂತಾರೆ ಗೆಳೆಯರೊಬ್ಬರು. ನಿಜಾನಾ?

ಉತ್ತರ (ಆಹಾರ ತಜ್ಞೆ): ಮೊದಲು ಒಂದು ಮಾತು. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ನಿಮ್ಮ ಗೆಳೆಯರು ಹೇಳಿದ್ದು ಪೂರ್ತಿ ಗಾಳಿಮಾತೇನಲ್ಲ. ನೆದರ್ಲೆಂಡ್ಸಿನ ಜುಟ್‌ಫೆನ್‌ನಲ್ಲಿ 65ರಿಂದ 84 ವಯಸ್ಸಿನ ಗಂಡಸರ ಆಹಾರವನ್ನು ಗಮನಿಸಿದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಫ್ಲೇವನಾಯ್ಡ್ (ಸಸ್ಯಗಳಲ್ಲಿರುವ, ಆಂಟಿಆಕ್ಸಿಡೆಂಟ್ ಅಂತ ಕರೆಯುವ ಒಂದು ಬಗೆಯ ವಸ್ತು) ಹೆಚ್ಚು ಸೇವಿಸುತ್ತಿದ್ದವರಲ್ಲಿ ಹೃದಯ ಕಾಯಿಲೆಯಿಂದ ಸತ್ತವರು ಕಡಿಮೆ. ಅವರಿಗೆ ಅದು ಸಿಗುತ್ತಿದ್ದದ್ದು ಹೆಚ್ಚಾಗಿ ಚಹಾ, ಈರುಳ್ಳಿ, ಸೇಬಿನಿಂದ. ಆದರೆ ಹಣ್ಣು-ತರಕಾರಿ ಚೆನ್ನಾಗಿ ತಿನ್ನುವವರ ಉಳಿದ ಅಭ್ಯಾಸಗಳೂ ಸಾಮಾನ್ಯವಾಗಿ ಚೆನ್ನಾಗಿರುತ್ತವೆ. ಯಾವುದರಿಂದ ಎಷ್ಟು ಲಾಭ ಅಂತ ಬಿಡಿಸಿ ಹೇಳುವುದು ಕಷ್ಟ.

‘ಆಂಟಿಆಕ್ಸಿಡೆಂಟ್’ (ಜೀವಕೋಶಕ್ಕೆ ಹಾನಿ ಮಾಡುವ ಕಣಗಳನ್ನು ತಡೆಯುವ ವಸ್ತು) ಅನ್ನೋ ಹಣೆಪಟ್ಟಿಯ ಮೇಲೂ ನನಗೆ ಅಷ್ಟು ನಂಬಿಕೆಯಿಲ್ಲ. ತಿಂದ ಫ್ಲೇವನಾಯ್ಡ್‌ನಲ್ಲಿ ಹಾಗೇ ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ. ಬಹುಪಾಲನ್ನು ಕರುಳಿನ ಬ್ಯಾಕ್ಟೀರಿಯಾ ಒಡೆದು ಬೇರೆಯದೇ ಮಾಡಿಬಿಡುತ್ತವೆ. ಕೋಕೋದಲ್ಲಿರುವಂಥ ಫ್ಲೇವನಾಲ್‌ಗಳು (ಫ್ಲೇವನಾಯ್ಡ್‌ನದ್ದೇ ಒಂದು ಬಗೆ) ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸಿ ನಾಳ ಸಡಿಲವಾಗಲು ನೆರವಾಗುತ್ತವೆ ಅನ್ನುವುದಕ್ಕೆ ಮಾತ್ರ ಗಟ್ಟಿ ಆಧಾರವಿದೆ. ನಾಳದಲ್ಲಿ ಕೂತ ಕೊಬ್ಬನ್ನು ಉಜ್ಜಿ ತೊಳೆಯುವ ಕೆಲಸ ಇವು ಯಾವುದೂ ಮಾಡಲ್ಲ.

ಇನ್ನು ಕ್ಯಾಪ್ಸೂಲ್. ಅಮೆರಿಕದ 21,000ಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದ ‘ಕಾಸ್ಮಾಸ್’ ಪ್ರಯೋಗದಲ್ಲಿ ಅರ್ಧದಷ್ಟು ಜನಕ್ಕೆ ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲೇವನಾಲ್ ಕೊಟ್ಟರು. 2022ರಲ್ಲಿ ಫಲಿತಾಂಶ ಬಂತು: ಹೃದಯಾಘಾತ, ಪಾರ್ಶ್ವವಾಯು ಎಲ್ಲ ಸೇರಿಸಿ ನೋಡಿದರೆ ಖಚಿತ ಅನ್ನುವಂಥ ಇಳಿಕೆ ಕಾಣಲಿಲ್ಲ. ಹೃದಯ-ರಕ್ತನಾಳ ಕಾಯಿಲೆಯ ಸಾವು 27% ಕಡಿಮೆಯಿತ್ತು, ನಿಜ. ಆದರೆ ಪ್ರಯೋಗದ ಮುಖ್ಯ ಪ್ರಶ್ನೆ ಅದಾಗಿರಲಿಲ್ಲ, ಹಾಗಾಗಿ ಅದನ್ನೇ ಹಿಡಿದು ಮಾತ್ರೆ ಮಾರುವುದು ಸರಿಯಲ್ಲ. ಕ್ಯಾರೆಟ್‌ನಂಥ ತರಕಾರಿಯಲ್ಲಿರುವ ಇನ್ನೊಂದು ಆಂಟಿಆಕ್ಸಿಡೆಂಟ್ ಬೀಟಾ ಕ್ಯಾರೋಟಿನ್ ಕಥೆ ಇನ್ನೂ ಕೆಟ್ಟದ್ದು. ಫಿನ್‌ಲೆಂಡಿನಲ್ಲಿ ಸಿಗರೇಟ್ ಸೇದುವ ಗಂಡಸರಿಗೆ ಅದನ್ನು ಮಾತ್ರೆಯಾಗಿ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಯಿತು (1994).

ಪ್ರಶ್ನೆ: ಹಾಗಾದ್ರೆ ಕೊಲೆಸ್ಟ್ರಾಲ್ ಇಳಿಸೋದು ಅಂತ ಗ್ಯಾರಂಟಿ ಇರೋದು ಯಾವುದೂ ಇಲ್ವಾ ಮೇಡಂ?

ಉತ್ತರ: ಇದೆ, ಎರಡು. ಓಟ್ಸ್ ಮತ್ತು ಬಾರ್ಲಿಯ ಬೀಟಾ ಗ್ಲೂಕಾನ್ ನಾರು ದಿನಕ್ಕೆ 3 ಗ್ರಾಂ ಸಿಕ್ಕರೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಸ್ವಲ್ಪ ಇಳಿಯುತ್ತೆ. ಇನ್ನೊಂದು ಸಸ್ಯಗಳಲ್ಲಿರುವ ಕೊಬ್ಬಿನಂಥ ವಸ್ತು, ಸಸ್ಯ ಸ್ಟೆರಾಲ್. ಇದರ ರಚನೆ ಕೊಲೆಸ್ಟ್ರಾಲ್‌ನದ್ದೇ ಥರ ಇರೋದರಿಂದ ಕರುಳಲ್ಲಿ ಅದರ ಜಾಗ ಹಿಡಿದು ಒಳಗೆ ಬಿಡಲ್ಲ. ದಿನಕ್ಕೆ 2 ಗ್ರಾಂನಷ್ಟು ತಗೊಂಡರೆ ಎಲ್‌ಡಿಎಲ್ 8ರಿಂದ 10% ಇಳಿಯುತ್ತೆ. ಬರೀ ಊಟದಿಂದ ಅಷ್ಟು ಸಿಗಲ್ಲ, ಸ್ಟೆರಾಲ್ ಸೇರಿಸಿದ ಪದಾರ್ಥವೇ ಬೇಕು. ಇವೆರಡೂ ನಿಮ್ಮ ಮಾತ್ರೆಯ ಜೊತೆಗೆ, ಅದರ ಬದಲಿಗಲ್ಲ.

ಇನ್ನೊಬ್ಬ ಸದಸ್ಯರು: ನಮ್ಮ ತಂದೆ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯೋ ಮಾತ್ರೆ) ತಗೊಳ್ತಾರೆ. ಸೊಪ್ಪು ಪೂರ್ತಿ ಬಿಡಿಸಿದ್ದೀವಿ. ಸರಿನಾ?

ಉತ್ತರ: ಪೂರ್ತಿ ಬಿಡಿಸಬೇಕಿಲ್ಲ. ಸೊಪ್ಪಿನ ವಿಟಮಿನ್ ಕೆ ರಕ್ತ ಹೆಪ್ಪುಗಟ್ಟಲು ನೆರವಾಗಿ ಆ ಮಾತ್ರೆಯ ಕೆಲಸ ತಗ್ಗಿಸುತ್ತೆ; ಅದು ಒಂದು ದಿನ ರಾಶಿ, ಮರುದಿನ ಸೊನ್ನೆ ಆದರೇ ತೊಂದರೆ. ಈಗ ಮತ್ತೆ ಶುರು ಮಾಡೋ ಮುಂಚೆ ಡಾಕ್ಟರಿಗೆ ತಿಳಿಸಿ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡೋ ಪರೀಕ್ಷೆ) ನೋಡಿಸ್ತಾ ದಿನವೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಕೊಡಿ. ಅಟೋರ್ವಾಸ್ಟಾಟಿನ್ ಕೇಳಿದವರೂ ನೋಡಿ: ಗ್ರೇಪ್‌ಫ್ರೂಟ್ (ದ್ರಾಕ್ಷಿಯಲ್ಲ, ಚಕೋತದ ಬಳಗದ ಹಣ್ಣು) ಜ್ಯೂಸ್ ಹೆಚ್ಚು ಕುಡಿದರೆ ಆ ಮಾತ್ರೆ ರಕ್ತದಲ್ಲಿ ಜಾಸ್ತಿ ಉಳಿದು ಸ್ನಾಯು ನೋವು ತರಬಹುದು.