ಸೈನೈಡ್ ವಿಷಕ್ಕೆ ಮದ್ದು ತಾಲೂಕು ಆಸ್ಪತ್ರೆಯಲ್ಲೇ ಇರಬೇಕಾ?

ಲಿಂಗಸುಗೂರು ಸಿಸ್ಟರ್:
ಹಟ್ಟಿ ಚಿನ್ನದ ಗಣಿಯಲ್ಲಿ ಅದಿರಿನಿಂದ ಚಿನ್ನ ಬಿಡಿಸಲು ಸೈನೈಡ್ ಬಳಸುತ್ತಾರೆ, ನಮಗೆಲ್ಲ ಗೊತ್ತು. ಆದರೆ ಆ ವಿಷ ತಗುಲಿದ ರೋಗಿ ಬಂದರೆ ಏನು ಮಾಡಬೇಕು ಅಂತ ನಮ್ಮ ಡ್ಯೂಟಿ ರೂಮಿನಲ್ಲಿ ಒಂದು ಚೀಟಿಯೂ ಇಲ್ಲ. ಗುರುತಿಸುವುದು ಹೇಗೆ? ಮದ್ದು ಇಲ್ಲೇ ಇಡಬೇಕೋ, ರಾಯಚೂರಿಗೆ ಕಳಿಸಿದರೆ ಸಾಕೋ?

ಸಿಂಧನೂರು ಮಂಜು:
ಕಳಿಸುವುದೇ ಸರಿ ಸಿಸ್ಟರ್. ನಮ್ಮ ಕಡೆ ಬರುವವರು ಜಾಸ್ತಿ ಹತ್ತಿಗೆ, ಭತ್ತಕ್ಕೆ ಹೊಡೆಯುವ ಎಣ್ಣೆ ಕುಡಿದವರು. ಅಪರೂಪದ ಮದ್ದು ತರಿಸಿದರೆ ಕಪಾಟಿನಲ್ಲೇ ಡೇಟ್ ಮುಗಿಯುತ್ತದೆ. ಆ ದುಡ್ಡಿಗೆ ಎಣ್ಣೆ ಕುಡಿದವರಿಗೆ ಕೊಡುವ ಮದ್ದು ಅಟ್ರೋಪಿನ್ ತರಿಸಲಿ.

ತುರ್ತು ವಿಭಾಗದ ಡಾಕ್ಟರ್:
ಮಂಜು ಅವರೇ, ರಾಯಚೂರು ಮುಟ್ಟಲು ತಾಸುಗಟ್ಟಲೆ ಬೇಕು. ಸೈನೈಡ್ ಗಾಳಿ ಜೋರಾಗಿ ಉಸಿರಿಗೆ ಹೋದವರಿಗೆ ಕೆಲವೇ ನಿಮಿಷ ಇರುತ್ತದೆ.

ಗುರುತಿನ ಮಾತು. ಎಣ್ಣೆ ಕುಡಿದವರಿಗೆ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುತ್ತದೆ, ಜೊಲ್ಲು, ಬೆವರು ಸುರಿಯುತ್ತದೆ. ಸೈನೈಡ್‌ನಲ್ಲಿ ಪಾಪೆ ಸಾಮಾನ್ಯವಾಗಿ ದೊಡ್ಡದು. ಮೊದಲು ತಲೆನೋವು, ತಲೆಸುತ್ತು, ಏದುಸಿರು. ಆಮೇಲೆ ಫಿಟ್ಸ್, ಬಿಪಿ ಇಳಿತ, ಪ್ರಜ್ಞೆ ಹೋಗುವುದು. ಆಕ್ಸಿಮೀಟರ್ ನಂಬಿ ಕೂರಬೇಡಿ. ರಕ್ತದಲ್ಲಿ ಆಕ್ಸಿಜನ್ ಇರುತ್ತದೆ, ಅದನ್ನು ಬಳಸುವ ಶಕ್ತಿಯೇ ಜೀವಕೋಶಕ್ಕೆ ಇರುವುದಿಲ್ಲ. ಹಾಗಾಗಿ 98 ತೋರಿಸುತ್ತಲೇ ರೋಗಿ ಸಾಯಬಹುದು. ಸಿರಿಂಜಿಗೆ ಎಳೆದ ರಕ್ತ ಕಪ್ಪಾಗಿರುವ ಬದಲು ಕೆಂಪಗೆ ಹೊಳೆಯುತ್ತಿದ್ದರೆ ಅನುಮಾನ ಪಡಿ. ಜೀವಕೋಶ ಆಕ್ಸಿಜನ್ ಬಳಸಲಾಗದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಲೀಟರಿಗೆ 8 ಮಿಲಿಮೋಲ್ ದಾಟಿದ್ದರೆ ಅನುಮಾನ ಗಟ್ಟಿ. ಸೈನೈಡ್ ಮಟ್ಟದ ವರದಿಗೆ ಕಾಯುವಂತಿಲ್ಲ.

ಹಟ್ಟಿ ಹುಡುಗ:
ಕಹಿ ಬಾದಾಮಿ ವಾಸನೆ ಬರುತ್ತದಂತಲ್ಲ ಸರ್? ಚಿನ್ನದ ಮಿಲ್ಲಿನಲ್ಲಿ ಸೈನೈಡ್ ದ್ರಾವಣಕ್ಕೆ ಸುಣ್ಣ ಹಾಕುವುದೇ ವಿಷದ ಗಾಳಿ ಏಳದಿರಲಿ ಅಂತ. ಆಸಿಡ್ ಹತ್ತಿರ ತಂದರೆ ಅಪಾಯ ಅಂತ ನಮ್ಮ ಅಪ್ಪ ಹೇಳುತ್ತಿದ್ದರು.

ತುರ್ತು ವಿಭಾಗದ ಡಾಕ್ಟರ್:
ನಿಮ್ಮಪ್ಪ ಹೇಳಿದ್ದು ನಿಜ. ಆದರೆ ವಾಸನೆ ನಂಬಬೇಡಪ್ಪ. ಹುಟ್ಟಿನಿಂದಲೇ ಎಷ್ಟೋ ಜನರಿಗೆ ಅದು ಗೊತ್ತಾಗುವುದಿಲ್ಲ. ಮೂಸಿ ನೋಡಲು ಹೋದರೆ ಅಪಾಯ ನಿಮಗೇ. ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಲೂಬಾರದು. ಗ್ಲೌಸ್ ಹಾಕಿ, ಬಟ್ಟೆ ಬಿಚ್ಚಿ, ಮೈ ತೊಳೆಸಿ, 100% ಆಕ್ಸಿಜನ್ ಶುರು ಮಾಡಿ.

ಸಿಂಧನೂರು ಮಂಜು:
ಸರಿ, ಮದ್ದು ಯಾವುದು? ಬಿ12 ಇಂಜೆಕ್ಷನ್ ಅಂತಾರಲ್ಲ, ಅದು ಎಲ್ಲ ಮೆಡಿಕಲ್ ಶಾಪ್‌ನಲ್ಲೂ ಸಿಗುತ್ತದೆ.

ತುರ್ತು ವಿಭಾಗದ ಡಾಕ್ಟರ್:
ಇಲ್ಲೇ ಎಡವುವುದು. ಬೇಕಾದದ್ದು ಬಿ12ರ ಒಂದು ಬಗೆಯಾದ ಹೈಡ್ರಾಕ್ಸೊಕೊಬಾಲಮಿನ್, ದೊಡ್ಡವರಿಗೆ 5 ಗ್ರಾಂ, 15 ನಿಮಿಷದಲ್ಲಿ. 1 ಮಿಲಿಗ್ರಾಂ ಆಂಪೂಲ್ ಒಡೆಯುತ್ತಾ ಕೂತರೆ 5,000 ಬೇಕು! ಬಿ12ರ ಇನ್ನೊಂದು ಬಗೆ ಸಯನೊಕೊಬಾಲಮಿನ್ ಅಂತೂ ಪ್ರಯೋಜನವಿಲ್ಲ, ಅದರಲ್ಲಿ ಸೈನೈಡ್ ಆಗಲೇ ಅಂಟಿಕೊಂಡಿದೆ. 5 ಗ್ರಾಂ ಕಿಟ್ ದುಬಾರಿ, ತಾಲೂಕಿನ ಮಟ್ಟದಲ್ಲಿ ಕಷ್ಟ. ಆದರೆ ಸೋಡಿಯಂ ನೈಟ್ರೈಟ್ 300 ಮಿಲಿಗ್ರಾಂ, ಅದರ ಹಿಂದೆಯೇ ಸೋಡಿಯಂ ಥಯೋಸಲ್ಫೇಟ್ 12.5 ಗ್ರಾಂ, ಎರಡೂ ನಿಧಾನವಾಗಿ ರಕ್ತನಾಳಕ್ಕೆ. ಇವನ್ನಾದರೂ ಇಡಲೇಬೇಕು. ಮಕ್ಕಳಿಗೆ ತೂಕ ನೋಡಿ.

ಮಾನ್ವಿ ದನದ ಡಾಕ್ಟರ್:
ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಕೂಳೆ ಚಿಗುರು ಮೇಯ್ದು ದನ ಬೀಳುತ್ತವಲ್ಲ, ಅದೂ ಸೈನೈಡೇ. ನಾವು ಕೊಡುವುದೂ ಇದೇ ಎರಡು ಮದ್ದು. ಹೊಲದಲ್ಲಿ ಎತ್ತಿಗೆ ಸಿಗುವ ಮದ್ದು ಆಸ್ಪತ್ರೆಯಲ್ಲಿ ಮನುಷ್ಯರಿಗೆ ಇಲ್ಲ ಅಂದರೆ ಹೇಗೆ? ಹಾಗಂತ ನಮ್ಮ ಡಬ್ಬಿ ತಂದು ಮನುಷ್ಯರಿಗೆ ಚುಚ್ಚಬೇಡಿ, ಮನುಷ್ಯರಿಗೆಂದೇ ತಯಾರಾದ ಇಂಜೆಕ್ಷನ್ ಬೇಕು.

ಹಟ್ಟಿ ಹುಡುಗ:
ಜಿನ್ನಿಂಗ್ ಮಿಲ್ಲಿಗೆ ಬೆಂಕಿ ಬಿದ್ದರೂ ಸೈನೈಡ್ ಬರುತ್ತಾ?

ತುರ್ತು ವಿಭಾಗದ ಡಾಕ್ಟರ್:
ಹತ್ತಿಯಲ್ಲಿ ನೈಟ್ರೋಜನ್ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಭಯ ಮುಖ್ಯವಾಗಿ ಕಾರ್ಬನ್ ಮೊನಾಕ್ಸೈಡ್‌ದು. ಫೋಮ್ ಹಾಸಿಗೆ, ಬಸ್ಸಿನ ಸೀಟು, ನೈಲಾನ್, ಉಣ್ಣೆ ಸುಟ್ಟರೆ ಸೈನೈಡ್ ಬರುತ್ತದೆ. 2013ರಲ್ಲಿ ಬ್ರೆಜಿಲ್‌ನ ಸಾಂತಾ ಮರಿಯಾದ ಕ್ಲಬ್ಬಿನಲ್ಲಿ ಫೋಮ್ ಹೊತ್ತಿ 242 ಜನ ಸತ್ತರು. ಮೂಗು, ಬಾಯಲ್ಲಿ ಮಸಿ, ಜೊತೆಗೆ ಮಂಪರು, ಬಿಪಿ ಕಡಿಮೆ, ಲ್ಯಾಕ್ಟೇಟ್ 10ರ ಮೇಲೆ ಇದ್ದರೆ ಸೈನೈಡ್ ಅಂತಲೇ ನೋಡಿ. ಆದರೆ ಹೊಗೆ ಕುಡಿದವರಿಗೆ ನೈಟ್ರೈಟ್ ಬೇಡ. ಕಾರ್ಬನ್ ಮೊನಾಕ್ಸೈಡ್ ಆಗಲೇ ಕಿತ್ತುಕೊಂಡ ಆಕ್ಸಿಜನ್ನನ್ನು ಅದು ಇನ್ನೂ ಕಡಿಮೆ ಮಾಡುತ್ತದೆ.

ಸಿಂಧನೂರು ಮಂಜು:
ಥಯೋಸಲ್ಫೇಟ್‌ಗೆ ಒಪ್ಪಿದೆ. ನೈಟ್ರೈಟ್‌ಗೆ ಮನಸ್ಸು ಒಪ್ಪುತ್ತಿಲ್ಲ, ಅದು ಬಿಪಿ ಇಳಿಸುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರ್ ಇದ್ದಾಗ ಬಿಪಿ ಕುಸಿದರೆ ಯಾರು ನೋಡುತ್ತಾರೆ?

ತುರ್ತು ವಿಭಾಗದ ಡಾಕ್ಟರ್:
ನಿಮ್ಮ ಭಯ ನ್ಯಾಯವೇ. ಆದರೆ ಥಯೋಸಲ್ಫೇಟ್ ಒಂದೇ ಕೊಟ್ಟರೆ ಕೆಲಸ ನಿಧಾನ. ರೋಗಿ ಪ್ರಜ್ಞೆಯಲ್ಲಿದ್ದರೆ ಅಷ್ಟು ಸಾಕಾಗಬಹುದು. ಫಿಟ್ಸ್ ಬರುತ್ತಿದ್ದು, ಮೂಲ ಸೈನೈಡೇ ಅಂತ ಗೊತ್ತಿದ್ದರೆ ನಾನು ನೈಟ್ರೈಟ್ ಕೊಡುತ್ತೇನೆ. ಕೊಡುವ ಮೊದಲು ಡ್ಯೂಟಿ ಡಾಕ್ಟರನ್ನು ಹಾಸಿಗೆ ಪಕ್ಕಕ್ಕೇ ಕರೆಸಿ.

ಲಿಂಗಸುಗೂರು ಸಿಸ್ಟರ್:
ಎರಡಕ್ಕೂ ಇಂಡೆಂಟ್ ಬರೆಯುತ್ತೇನೆ ಸರ್. ರಾತ್ರಿ ಇನ್ನೊಬ್ಬರು ಬೇಕು ಅಂತಲೂ ಅದರ ಜೊತೆಗೇ ಕೇಳುತ್ತೇನೆ.